ಮೊದಲು ಟೇಪು, ಆಮೇಲೆ ಡ್ರಿಲ್ಲು

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ವಾಹನ ಪುಟದಲ್ಲಿ ಹಳೇ ಸ್ಪೋರ್ಟ್ಸ್ ಕಾರಿಗೆ ಮನೇಲೇ ಫ್ರಂಟ್ ಸ್ಪಾಯ್ಲರ್, ಅಂದ್ರೆ ಮುಂದಿನ ಬಂಪರ್ ಕೆಳಗೆ ಗಾಳಿ ತಡೆಯೋ ಪಟ್ಟಿ, ಹಾಕ್ಕೊಳ್ಳೋದು ಹೇಗೆ ಅಂತ ಒಂದು ಬರಹ ಬಂದಿತ್ತಲ್ಲ, ಅದರ ಬಗ್ಗೆ ಈ ಪತ್ರ. ಗುರುತು ಮಾಡಿ, ತೂತು ಕೊರೆದು, ಬೋಲ್ಟ್ ಬಿಗಿದ್ರೆ ಮುಗೀತು, ಅರ್ಧ ದಿನದ ಕೆಲಸ, ಕಾರಿಗೆ ಒಳ್ಳೇ ಲುಕ್ ಬರುತ್ತೆ ಅಂತ ಬರೆದಿದ್ರು. ಓದಿ ಮೊದಲು ನಗು ಬಂತು, ಆಮೇಲೆ ಸ್ವಲ್ಪ ಸಿಟ್ಟೂ ಬಂತು, ಯಾಕಂದ್ರೆ ಹೆಚ್ಚುಕಮ್ಮಿ ಇದೇ ಮಾತನ್ನ ನಂಬ್ಕೊಂಡು ನಾನು ಕೆಲವು ವರ್ಷದ ಹಿಂದೆ ನನ್ನ ಕಾರಿನ ಮುಂದೆ ಡ್ರಿಲ್ ಹಿಡ್ಕೊಂಡು ಕೂತಿದ್ದೆ, ಆವತ್ತು ಸಂಜೆ ಹೊತ್ತಿಗೆ ಐವತ್ತು ವರ್ಷದ ತಗಡಲ್ಲಿ ಬೇಡದೇ ಇರೋ ಮೂರು ತೂತು ಆಗಿತ್ತು. ಮನೇಲಿ ಮಾಡಬೇಡಿ ಅಂತ ನಾನು ಹೇಳ್ತಿಲ್ಲ, ಮನೇಲೇ ಮಾಡಿ, ಖುಷಿಯಾಗಿ ಮಾಡಿ. ಆದ್ರೆ ತೂತು ಕೊರೆಯೋದು ಈ ಕೆಲಸದ ಕೊನೇ ಇಪ್ಪತ್ತು ನಿಮಿಷ ಅಷ್ಟೇ, ಕೆಲಸ ಎಲ್ಲಾ ಅದಕ್ಕೆ ಮುಂಚೆ ಇರೋದು, ನಿಮ್ಮ ಬರಹದಲ್ಲಿ ಅದೇ ಇರಲಿಲ್ಲ.

ನನ್ನದು 1972ರ ಡಾಟ್ಸನ್ 240 ಝಡ್. ಉದ್ದ ಬಾನೆಟ್, 2.4 ಲೀಟರಿನ ಆರು ಸಿಲಿಂಡರ್, ಇಡೀ ಕಾರೇ ಒಂದು ಟನ್ನಿನ ಆಸುಪಾಸು ತೂಕ. ನೋಡೋಕೆ ಎಷ್ಟು ಚಂದವೋ ವೇಗ ಏರಿದ್ಮೇಲೆ ಅಷ್ಟೇ ತರಲೆ, ಮೂಗು ಮೇಲಕ್ಕೆ ಎತ್ತೋಕೆ ಶುರು ಮಾಡುತ್ತೆ, ಸ್ಟಿಯರಿಂಗ್ ಕೈಯಲ್ಲಿ ಹಗುರ ಆಗ್ತಾ ಆಗ್ತಾ ಒಂದು ಹಂತದಲ್ಲಿ ರಸ್ತೆ ಜೊತೆ ಮಾತೇ ಬಿಟ್ಟ ಹಾಗೆ ಇರುತ್ತೆ. ಈ ಕಾರು ಇಟ್ಕೊಂಡಿರೋರಿಗೆಲ್ಲ ಗೊತ್ತಿರೋ ವಿಷಯ ಇದು. ಅಮೆರಿಕದಲ್ಲಿ ಪೀಟ್ ಬ್ರಾಕ್ ಅವರ ಬಿಆರ್‌ಇ ರೇಸ್ ತಂಡ 1970 ಮತ್ತು 71ರಲ್ಲಿ ಇದೇ ಕಾರಲ್ಲಿ ಜಾನ್ ಮಾರ್ಟನ್ ಅವರನ್ನ ಕೂರಿಸಿ ಸಿ ಪ್ರೊಡಕ್ಷನ್ ಅನ್ನೋ ರೇಸ್ ವರ್ಗದ ಚಾಂಪಿಯನ್‌ಷಿಪ್ ಗೆದ್ದಿದ್ದು, ಆ ಕಾರಿನ ಗದ್ದದ ಕೆಳಗೆ ಇದ್ದ ಸ್ಪಾಯ್ಲರ್‌ನ ಸ್ಪೂಕ್ ಅಂತ ಕರೀತಾರೆ, ಇವತ್ತಿಗೂ ಅದರ ನಕಲುಗಳು ಮಾರಾಟ ಆಗ್ತಾನೇ ಇವೆ. ಜಪಾನಲ್ಲಿ 1971ರಲ್ಲಿ ಕಂಪನಿಯೇ ಉದ್ದದ ಮೂಗು ಅಂಟಿಸಿ ಫೇರ್‌ಲೇಡಿ 240 ಝಡ್‌ಜಿ ಅಂತ ಬಿಟ್ಟಿತ್ತು. ಲುಕ್‌ಗೋಸ್ಕರ ಅಲ್ಲ ಸ್ವಾಮಿ, ರೇಸಿಗೆ ಆ ಆಕಾರ ಬೇಕಾಗಿತ್ತು, ರೇಸಿಗೆ ಬೇಕು ಅಂದ್ರೆ ನಿಯಮದ ಪ್ರಕಾರ ರಸ್ತೆಗೆ ಓಡಿಸೋ ಜನಕ್ಕೂ ಅದನ್ನ ಮಾರಬೇಕಾಗಿತ್ತು.

ಗಾಳಿ ವಿಷಯ ಸರಳವಾಗಿ ಹೇಳ್ತೀನಿ. ಕಾರು ಓಡುವಾಗ ಮೂಗಿಗೆ ಬಡಿದ ಗಾಳಿ ಸ್ವಲ್ಪ ಬಾನೆಟ್ ಮೇಲೆ ಹತ್ತುತ್ತೆ, ಸ್ವಲ್ಪ ಪಕ್ಕಕ್ಕೆ ಸರಿಯುತ್ತೆ, ಮಿಕ್ಕಿದ್ದು ಕಾರಿನ ಹೊಟ್ಟೆ ಕೆಳಗೆ ನುಗ್ಗುತ್ತೆ. ಹಳೇ ಕಾರಿನ ಹೊಟ್ಟೆ ಇವತ್ತಿನ ಕಾರಿನ ಥರ ನುಣುಪಾಗಿ ಮುಚ್ಚಿರಲ್ಲ, ಕ್ರಾಸ್‌ಮೆಂಬರ್ (ಎಡ ಬಲ ಸೇರಿಸೋ ಅಡ್ಡ ಕಬ್ಬಿಣ), ಸ್ಟಿಯರಿಂಗ್ ರ್‍ಯಾಕ್, ಆಯಿಲ್ ಸಂಪ್, ಸೈಲೆನ್ಸರ್ ಪೈಪ್ ಎಲ್ಲಾ ನೇತಾಡ್ತಾ ಇರುತ್ತೆ, ಗಾಳಿ ಅಲ್ಲಿ ಸಿಕ್ಕಾಕ್ಕೊಂಡು ಮೂಗನ್ನ ಕೆಳಗಿಂದ ತಳ್ಳುತ್ತೆ. ಬಂಪರ್ ಕೆಳಗೆ ಒಂದು ಅಡ್ಡಗೋಡೆ ಇಟ್ರೆ ಕೆಳಗೆ ಹೋಗೋ ಗಾಳಿನೇ ಕಮ್ಮಿ, ಗೋಡೆ ಹಿಂದೆ ಒತ್ತಡ ಇಳಿಯುತ್ತೆ, ಮೂಗು ಎತ್ತೋದು ತಗ್ಗುತ್ತೆ. ಸ್ಪಾಯ್ಲರ್ ಮಾಡೋದು ಇಷ್ಟೇ. ನಲವತ್ತು ಐವತ್ತು ಕಿಲೋಮೀಟರ್ ವೇಗದಲ್ಲಿ ಅದರಿಂದ ಪೈಸೆ ಪ್ರಯೋಜನ ಇಲ್ಲ, ಇದನ್ನೂ ಬಾಯಿಬಿಟ್ಟು ಹೇಳಬೇಕು.

ಈಗ ಲೆಕ್ಕ ನೋಡಿ. ಗಾಳಿಯ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ, ವೇಗ ಡಬಲ್ ಆದ್ರೆ ಬಲ ನಾಲ್ಕು ಪಟ್ಟು. 1.4 ಮೀಟರ್ ಅಗಲ, 15 ಸೆಂಟಿಮೀಟರ್ ಎತ್ತರದ ಸ್ಪಾಯ್ಲರ್ ಅಂತ ಇಟ್ಕೊಳ್ಳಿ, ಗಂಟೆಗೆ 50 ಕಿ.ಮೀ.ನಲ್ಲಿ ಅದರ ಮುಖದ ಮೇಲೆ ಬೀಳೋದು ಅಂದಾಜು ಎರಡೂವರೆ ಕೆಜಿ, 100ರಲ್ಲಿ ಹತ್ತು ಕೆಜಿ, 160ರಲ್ಲಿ ಇಪ್ಪತ್ತೈದು ಕೆಜಿ ಹತ್ರ. ಆ ಇಪ್ಪತ್ತೈದು ಕೆಜಿ ಸುಮ್ನೆ ಒರಗಿ ನಿಲ್ಲಲ್ಲ, ಎದುರಿಂದ ಲಾರಿ ಹೋದಾಗೆಲ್ಲ ಬಡೀತಾ ನಡುಗಿಸ್ತಾ ಇರುತ್ತೆ. ನಿಮ್ಮ ಪುಟದ ಫೋಟೋದಲ್ಲಿ ಇದ್ದ ಕಾರಿಗೆ ಎರಡು ತುದಿಯಲ್ಲಿ ಎರಡೆರಡು ಸ್ಕ್ರೂ, ನಡುವೆ ಬರೀ ಅಂಟು ಟೇಪು. ಅದು ನಿಂತ ಕಾರಿಗೆ ಸರಿ. ಹೈವೇಲಿ ಕಿತ್ಕೊಂಡು ಬಂದು ಮುಂದಿನ ಚಕ್ರದ ಕೆಳಗೆ ಸೇರ್ಕೊಂಡ್ರೆ ಏನಾಗುತ್ತೆ ಅಂತ ಬರೆದೋರು ಯೋಚನೆ ಮಾಡ್ಲಿಲ್ಲ ಅನ್ಸುತ್ತೆ.

ಶೋಕಿ ತಪ್ಪು ಅಂತ ನನ್ನ ಮಾತಲ್ಲ. 1973ರಲ್ಲಿ ಬಿಎಂಡಬ್ಲ್ಯೂ 2002 ಟರ್ಬೋ ಬಂದಾಗ ಅದರ ಸ್ಪಾಯ್ಲರ್ ಮೇಲೆ ಹೆಸರನ್ನ ಉಲ್ಟಾ ಬರೆದಿದ್ರು, ಮುಂದಿನ ಕಾರಿನೋನು ಕನ್ನಡೀಲಿ ನೋಡಿದ್ರೆ ನೆಟ್ಟಗೆ ಓದ್ಬೇಕು, ದಾರಿ ಬಿಡಬೇಕು ಅಂತ. ಜನ ಬೈದ್ರು, ತೆಗೆದ್ರು. ಅದು ಶೋಕಿನೇ, ಆದ್ರೆ ಬರಹ ಅಳಿಸಿದ್ರೂ ಕೆಳಗಿನ ಸ್ಪಾಯ್ಲರ್ ತನ್ನ ಕೆಲಸ ಮಾಡ್ತಾನೇ ಇತ್ತು.

ಸರಿ, ಕೆಲಸಕ್ಕೆ ಬರ್ತೀನಿ. ನಾನು ಮಾಡಿದ ಮೊದಲ ತಪ್ಪು ಬಂಪರನ್ನ ನಂಬಿದ್ದು. ಫೈಬರ್‌ಗ್ಲಾಸ್ ಸ್ಪಾಯ್ಲರ್ ತಂದೆ, ಬಂಪರ್ ನಡುಮಧ್ಯ ಟೇಪಲ್ಲಿ ಅಳೆದು ಪೆನ್ಸಿಲ್ ಗುರುತು ಹಾಕಿದೆ. ಐವತ್ತು ವರ್ಷದಲ್ಲಿ ಆ ಬಂಪರ್ ಎಷ್ಟು ಗೋಡೆಗೆ ತಾಗಿದೆಯೋ, ಎಷ್ಟು ಸಲ ಬಿಚ್ಚಿ ಹಾಕಿದಾರೋ, ಅದರ ಮಧ್ಯ ಕಾರಿನ ಮಧ್ಯ ಅಲ್ಲ. ಎರಡನೇ ತಪ್ಪು ಎಡಗಡೆ ತುದಿಯಿಂದ ಶುರು ಮಾಡಿದ್ದು. ಒಂದು ತೂತು, ಬೋಲ್ಟು, ಇನ್ನೊಂದು ತೂತು, ಬೋಲ್ಟು ಅಂತ ಬಲಕ್ಕೆ ಹೋಗ್ತಾ ಇದ್ದೀನಿ, ಆ ತುದೀನ ಹಿಡ್ಕೊಂಡು ಕೂತಿದ್ದ ಮಗಳು, ಅಪ್ಪಾ ಈ ಕಡೆ ಬೆರಳು ತೂರುತ್ತೆ ಅಂದ್ಲು. ಏ ಸುಮ್ನಿರೇ, ಒತ್ತಿ ಹಿಡ್ಕೋ ಅಂದೆ. ಒತ್ತಿದ್ಲು ಪಾಪ. ಮೂರನೇ ತೂತು ಆದ್ಮೇಲೆ ನೋಡಿದ್ರೆ ಬಲಗಡೆ ಮಡ್‌ಗಾರ್ಡಿನ ಅಂಚಿಂದ ಸ್ಪಾಯ್ಲರ್ ಒಂದು ಬೆರಳು ಹೊರಗೆ ನಿಂತಿದೆ, ಎಡಗಡೆ ಒಳಗೆ ಸೇರ್ಕೊಂಡಿದೆ. ಅವಳು ಏನೂ ಹೇಳ್ಲಿಲ್ಲ, ಬೆರಳು ತೂರಿಸಿ ತೋರಿಸಿದ್ಲು ಅಷ್ಟೇ.

ಅದರ ಜೊತೆ ಇನ್ನೊಂದು ಬೋನಸ್ಸು. ಮೂರನೇ ತೂತಲ್ಲಿ ಡ್ರಿಲ್ ಬಿಟ್ ಸರ್ರಂತ ಒಳಗೆ ಹೋಯ್ತು, ತಗಡು ಕೊರೆದಾಗ ಬರೋ ಸುರುಳಿ ಬರಲೇ ಇಲ್ಲ, ಬದಲಿಗೆ ಬಿಳೀ ಪುಡಿ ಉದುರಿತು. ಪುಟ್ಟಿ! ಯಾವುದೋ ಕಾಲದ ಆಕ್ಸಿಡೆಂಟಿನ ಗಾಯಕ್ಕೆ ಯಾರೋ ಬೆರಳು ದಪ್ಪ ಮೆತ್ತಿ ಮೇಲೆ ಪೇಂಟ್ ಹೊಡೆದಿದ್ರು, ನಾನು ಅದಕ್ಕೆ ಬೋಲ್ಟ್ ಕಟ್ಟೋಕೆ ಹೊರಟಿದ್ದೆ. ಅದಕ್ಕೇ ಹೇಳೋದು, ಮೊದಲು ಒಂದು ಸಣ್ಣ ಆಯಸ್ಕಾಂತಕ್ಕೆ ಬಟ್ಟೆ ಸುತ್ತಿ ಆ ತಗಡಿನ ಉದ್ದಕ್ಕೂ ಓಡಿಸಿ ನೋಡಿ, ಎಲ್ಲಿ ಅಂಟ್ಕೊಳ್ಳಲ್ವೋ ಅಲ್ಲಿ ಕೆಳಗಿರೋದು ಕಬ್ಬಿಣ ಅಲ್ಲ, ಪುಟ್ಟಿ. ಬಂಪರ್ ಕೆಳಗಿನ ಈ ತಗಡನ್ನ ವ್ಯಾಲೆನ್ಸ್ ಅಂತಾರೆ, ಹಳೇ ಕಾರಲ್ಲಿ ಮೊದಲು ಪೆಟ್ಟು ತಿನ್ನೋದೂ ಅದೇ, ಮೊದಲು ತುಕ್ಕು ಹಿಡಿಯೋದೂ ಅದೇ.

ಎರಡನೇ ಸಲ ಮಾಡಿದಾಗ ಪೂರ್ತಿ ಬೇರೆ ಥರ ಮಾಡಿದೆ, ಅದನ್ನ ಸ್ವಲ್ಪ ವಿವರವಾಗಿ ಹೇಳ್ತೀನಿ, ಉಪಯೋಗಕ್ಕೆ ಬರಬಹುದು. ಕಾರನ್ನ ಸಮತಟ್ಟು ನೆಲದ ಮೇಲೆ ನಾಲ್ಕೂ ಚಕ್ರದ ಮೇಲೇ ನಿಲ್ಲಿಸಿ, ಟೈರ್ ಗಾಳಿ ಸರಿ ಮಾಡಿ, ಜಾಕಿ ಮೇಲೆ ಎತ್ತಿ ಅಳತೆ ತಗೋಬೇಡಿ ಯಾಕಂದ್ರೆ ಎತ್ತಿದಾಗ ಸಸ್ಪೆನ್ಷನ್ ನೇತಾಡುತ್ತೆ, ಅಳತೆ ಎಲ್ಲಾ ಸುಳ್ಳು. ಗಾರೆಯವರು ಗೋಡೆ ನೋಡೋಕೆ ಬಿಡ್ತಾರಲ್ಲ ತೂಗುಗುಂಡು, ಅದನ್ನ ಛಾಸಿಯ, ಅಂದ್ರೆ ಕಾರಿನ ಅಡಿಯ ಚೌಕಟ್ಟಿನ, ಎಡ ಬಲ ಒಂದೇ ಥರ ಇರೋ ಎರಡು ಬೋಲ್ಟಿಂದ ನೆಲಕ್ಕೆ ಇಳಿಬಿಟ್ಟು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ, ಹಿಂದೆ ಇನ್ನೆರಡು ಗುರುತು, ಅವುಗಳ ಮಧ್ಯ ಮಧ್ಯ ಸೇರಿಸಿ ದಾರ ಎಳೆದ್ರೆ ಅದು ಕಾರಿನ ನಿಜವಾದ ನಡುಗೆರೆ. ಬಂಪರಿನ ಗುರುತಿಗೂ ಇದಕ್ಕೂ 9 ಮಿ.ಮೀ. ವ್ಯತ್ಯಾಸ ಬಂತು ನಂದ್ರಲ್ಲಿ.

ಆಮೇಲೆ ಸ್ಪಾಯ್ಲರನ್ನ ಬರೀ ಮಾಸ್ಕಿಂಗ್ ಟೇಪಲ್ಲಿ ಅಂಟಿಸಿ, ಕೆಳಗೆ ಮರದ ತುಂಡುಗಳ ಆಸರೆ ಕೊಟ್ಟು, ಒಂದು ರಾತ್ರಿ ಬಿಟ್ಟೆ. ಈ ಬಿಡೋದು ದೊಡ್ಡ ಕೆಲಸ ಕಣ್ರೀ. ಬೆಳಗ್ಗೆ ಎದ್ದು ಹತ್ತು ಹೆಜ್ಜೆ ದೂರ ಹೋಗಿ, ನೆಲದ ಮೇಲೆ ಹೊಟ್ಟೆ ಹಾಕಿ ಮಲಗಿ ನೋಡಿದ್ರೆ ಹಿಂದಿನ ದಿನ ಸರಿ ಇದೆ ಅನ್ಸಿದ್ದು ಸೊಟ್ಟಗೆ ಕಾಣುತ್ತೆ. ಹಳೇ ಕಾರಿನ ಎಡ ಬಲ ಮಡ್‌ಗಾರ್ಡ್ ಒಂದೇ ಥರ ಇರಲ್ಲ, ಹಾಗಾಗಿ ಅಳತೆ ಟೇಪಲ್ಲಿ ಪಕ್ಕಾ ಸರಿ ಬಂದ್ರೂ ಕಣ್ಣಿಗೆ ಸರಿ ಬರದೇ ಇರಬಹುದು, ಆಗ ನಾನು ಕಣ್ಣಿನ ಮಾತು ಕೇಳ್ತೀನಿ, ಎರಡು ಮೂರು ಮಿಲಿಮೀಟರ್ ಅಳತೆ ಬಿಟ್ಕೊಟ್ರೆ ಪರವಾಗಿಲ್ಲ. ಫೈಬರ್‌ಗ್ಲಾಸ್ ಅಚ್ಚಿಂದ ಬಂದಿದ್ದು ಯಾವತ್ತೂ ನೇರವಾಗಿ ಕೂರಲ್ಲ, ಎಲ್ಲಿ ತಾಗುತ್ತೋ ಅಲ್ಲಿ ಗುರುತು ಮಾಡಿ ಇಳಿಸಿ ಉಜ್ಜಿ ಮತ್ತೆ ಕೂರಿಸಿ ನೋಡಬೇಕು. ನಾನು ಹನ್ನೊಂದು ಸಲ ಹಾಕಿ ತೆಗೆದೆ. ಒಣಗಿದ್ದಾಗ ಉಜ್ಜಬೇಡಿ, ನೀರು ಹಾಕ್ಕೊಂಡು ವಾಟರ್ ಪೇಪರಲ್ಲಿ ಉಜ್ಜಿ, ಮಾಸ್ಕ್ ಹಾಕ್ಕೊಳ್ಳಿ, ತುಂಬು ತೋಳಿನ ಅಂಗಿ ಹಾಕ್ಕೊಳ್ಳಿ, ಆ ಪುಡಿ ಮೈಗೆ ಹತ್ತಿದ್ರೆ ಎರಡು ದಿನ ತುರಿಕೆ, ಎದೆಗೆ ಹೋದ್ರೆ ಇನ್ನೂ ಕೆಟ್ಟದ್ದು.

ಇದೇ ಹಂತದಲ್ಲಿ, ಅಂದ್ರೆ ಇನ್ನೂ ಬರೀ ಟೇಪಲ್ಲಿ ಇದ್ದಾಗಲೇ ನೋಡಬೇಕಾದ್ದು ಇನ್ನೂ ಇದೆ. ಸ್ಟಿಯರಿಂಗನ್ನ ಪೂರ್ತಿ ಎಡಕ್ಕೆ ಪೂರ್ತಿ ಬಲಕ್ಕೆ ತಿರುಗಿಸಿ ಟೈರು ಸ್ಪಾಯ್ಲರಿನ ಹಿಂದಿನ ಅಂಚಿಗೆ ತಾಗುತ್ತಾ ನೋಡಿ, ನಿಂತಾಗ ತಾಗದೇ ಇದ್ರೂ ಹಳ್ಳಕ್ಕೆ ಇಳಿದು ಸಸ್ಪೆನ್ಷನ್ ಕುಗ್ಗಿದಾಗ ತಾಗಬಹುದು, ಅದಕ್ಕೆ ಜಾಗ ಬಿಡಿ. ಕಾರಿನೊಳಗೆ ಇಬ್ಬರನ್ನ ಕೂರಿಸಿ ಟ್ಯಾಂಕ್ ತುಂಬಿರುವಾಗ ನೆಲದಿಂದ ಎಷ್ಟು ಎತ್ತರ ಉಳೀತು ಅಂತ ಅಳೀರಿ. ಬ್ರೇಕ್ ಒತ್ತಿದಾಗ ಮೂಗು ಇನ್ನೂ ಬಗ್ಗುತ್ತೆ, ಹಂಪ್ ಹತ್ರ ನಾವು ಬ್ರೇಕ್ ಒತ್ತೇ ಒತ್ತುತೀವಲ್ಲ. ನಿಮ್ಮ ಬರಹದಲ್ಲಿ ಹೇಳಿದ ಹಾಗೆ ಎಷ್ಟು ಕೆಳಗಿದ್ರೆ ಅಷ್ಟು ಒಳ್ಳೇದು ಅನ್ನೋದು ಟ್ರ್ಯಾಕಿಗೆ ಸರಿ, ರಸ್ತೆಗೆ ಅಲ್ಲ. ಇನ್ನೊಂದು, ನನಗೆ ಎಲ್ಲಾ ಮುಗಿದ ಮೇಲೆ ಹೊಳೆದಿದ್ದು: ಮುಂದಿಂದ ಟ್ರಾಲಿ ಜಾಕಿ ತಳ್ಳಿ ಕ್ರಾಸ್‌ಮೆಂಬರಿಗೆ ಕೊಡ್ತಿದ್ದೆ, ಸ್ಪಾಯ್ಲರ್ ಬಂದ್ಮೇಲೆ ಜಾಕಿ ಒಳಗೇ ಹೋಗಲ್ಲ! ಈಗ ಪ್ರತೀ ಸಲ ಮೊದಲು ಎರಡು ಮರದ ಹಲಗೆ ಮೇಲೆ ಕಾರನ್ನ ಹತ್ತಿಸಿ ಆಮೇಲೆ ಜಾಕಿ ತಳ್ಳೋದು. ಟೋ ಮಾಡೋ ಕೊಂಡಿನೂ ಮುಚ್ಚೋಗಿಲ್ಲ ತಾನೇ ನೋಡ್ಕೊಳ್ಳಿ. ಮತ್ತೆ ಜಾಕಿ ಒಂದನ್ನೇ ನಂಬಿ ಕಾರಿನ ಕೆಳಗೆ ತಲೆ ಹಾಕಬೇಡಿ, ಸ್ಟ್ಯಾಂಡ್ ಕೊಟ್ಟು ಒಂದ್ಸಲ ಕಾರನ್ನ ಅಲುಗಾಡಿಸಿ ನೋಡಿದ ಮೇಲೇನೇ.

ಈಗ ತೂತು. ನಡುವಿಂದ ಶುರು ಮಾಡಿ, ಒಂದ್ಸಲ ಎಡಕ್ಕೆ ಒಂದ್ಸಲ ಬಲಕ್ಕೆ ಅಂತ ಹೊರಗೆ ಹೋಗಿ. ಸೆಂಟರ್ ಪಂಚಲ್ಲಿ (ಗುಳಿ ಮಾಡೋ ಚೂಪು ಮೊಳೆಯಂಥ ಉಪಕರಣ) ಒಂದು ಏಟು ಕೊಡದೇ ಡ್ರಿಲ್ ಇಟ್ರೆ ಬಿಟ್ ಜಾರಿ ಪೇಂಟ್ ಮೇಲೆ ಗೀಚಿಬಿಡುತ್ತೆ, ನಂದ್ರ ಮೇಲೆ ಈಗಲೂ ಒಂದು ಅರ್ಧಚಂದ್ರ ಇದೆ. ಮೊದಲು 3 ಮಿ.ಮೀ. ತೂತು, ಎಲ್ಲಾ ಸರಿ ಕೂತಿದೆ ಅಂತ ಖಾತ್ರಿ ಆದ್ಮೇಲೆ 6 ಮಿ.ಮೀ. ಬೋಲ್ಟಿಗೆ ಆರೂವರೆ. ಸ್ಪಾಯ್ಲರ್ ಕಡೆ ತೂತುಗಳನ್ನ ನಡುವಿಂದು ಬಿಟ್ಟು ಮಿಕ್ಕಿದ್ದನ್ನ ಅರದಲ್ಲಿ ಸ್ವಲ್ಪ ಉದ್ದ ಮಾಡಿ, ಬಿಸಿಲಲ್ಲಿ ಅದು ಹಿಗ್ಗುತ್ತೆ, ಹಿಗ್ಗೋಕೆ ಜಾಗ ಇಲ್ದಿದ್ರೆ ತೂತಿಂದಾನೇ ಬಿರುಕು ಹೊರಡುತ್ತೆ. ಅಗಲದ ವಾಷರ್, ಅದರ ಕೆಳಗೆ ರಬ್ಬರ್, ನೈಲಾನ್ ಇರೋ ಲಾಕ್ ನಟ್ಟು, ಬಿಗಿಯೋದು ರಬ್ಬರ್ ಸ್ವಲ್ಪ ಉಬ್ಬೋ ತನಕ ಅಷ್ಟೇ. ನಮ್ಮಲ್ಲಿ ಬಹಳ ಜನಕ್ಕೆ ಸ್ಪ್ಯಾನರ್ ಕೈಗೆ ಬಂದ್ರೆ ಇನ್ನೊಂದು ಸುತ್ತು ಅನ್ನೋ ಚಟ, ಫೈಬರ್‌ಗ್ಲಾಸಿಗೆ ಆ ಇನ್ನೊಂದು ಸುತ್ತೇ ಯಮ, ಪಟಕ್ ಅಂತ ಒಂದು ಸಣ್ಣ ಸದ್ದು ಬರುತ್ತೆ, ಆಮೇಲೆ ಏನೂ ಮಾಡೋಕಾಗಲ್ಲ.

ಕೊರೆದ ತಗಡಿನ ಅಂಚು ಹಾಗೇ ಬಿಟ್ರೆ ಒಂದೇ ಮಳೆಗಾಲಕ್ಕೆ ಕಂದು ಬಣ್ಣದ ಕಣ್ಣೀರು ಸುರಿಸೋಕೆ ಶುರು ಮಾಡುತ್ತೆ. ಅಂಚಿನ ಚೂಪು ತೆಗೆದು, ಸತು ಇರೋ ಪ್ರೈಮರನ್ನ ಸಣ್ಣ ಬ್ರಶ್ಶಲ್ಲಿ ತೂತಿನ ಒಳ ಅಂಚಿಗೂ ಹಚ್ಚಿ, ಒಣಗಿದ್ಮೇಲೆ ಪೇಂಟು, ಬೋಲ್ಟ್ ಹಾಕಿದ್ಮೇಲೆ ಹಿಂದಿನಿಂದ ಮೇಣದ ಸ್ಪ್ರೇ. ಹತ್ತು ನಿಮಿಷದ ಕೆಲಸ, ನಿಮ್ಮ ಬರಹದಲ್ಲಿ ಒಂದು ಪದ ಇಲ್ಲ. ತೂತೇ ಬೇಡ ಅನ್ನೋರಿಗೆ ಇನ್ನೊಂದು ದಾರಿ, ಮೂಲ ವ್ಯಾಲೆನ್ಸನ್ನ ಬಿಚ್ಚಿ ಬಟ್ಟೆ ಸುತ್ತಿ ಎತ್ತಿಟ್ಟು, ಇನ್ನೊಂದು ತಂದು ಅದರ ಮೇಲೆ ಪ್ರಯೋಗ ಮಾಡೋದು. ನನಗೆ ಇವತ್ತು ಮತ್ತೆ ಅವಕಾಶ ಸಿಕ್ರೆ ಹಾಗೇ ಮಾಡ್ತೀನಿ. ಬರೀ ಡಬಲ್ ಸೈಡ್ ಟೇಪ್ ಮೇಲೆ ನಿಲ್ಲಿಸೋರು, ಎರಡೂ ಕಡೆ ಆಲ್ಕೋಹಾಲಲ್ಲಿ ಒರೆಸಿ, ಅಂಟಿಸಿದ ಮೇಲೆ ಮೂರು ದಿನ ಕಾರು ತೆಗೀಬೇಡಿ, ಒಳ್ಳೇ ಟೇಪಿಗೂ ಪೂರ್ತಿ ಹಿಡಿತ ಬರೋಕೆ 72 ಗಂಟೆ ಬೇಕು. ಅದೂ ಎರಡು ಇಂಚಿನ ಸಣ್ಣ ಲಿಪ್ಪಿಗೆ, ಅಂದ್ರೆ ಗಿಡ್ಡ ಸ್ಪಾಯ್ಲರಿಗೆ, ಆಗಬಹುದು, ದೊಡ್ಡದಕ್ಕೆ ಬೋಲ್ಟೇ ಬೇಕು, ಜೊತೆಗೆ ಕೆಳ ಅಂಚಿಂದ ಛಾಸಿಗೆ ಎರಡು ತೆಳು ಸರಳಿನ ಆಸರೆ ಕೊಡಿ, ಇಲ್ದಿದ್ರೆ ವೇಗದಲ್ಲಿ ಕೆಳ ಅಂಚು ಹಿಂದಕ್ಕೆ ಬಾಗಿ ಪಟಪಟ ಅನ್ನುತ್ತೆ. ಫೈಬರ್‌ಗ್ಲಾಸ್ ಬದಲು ಯುರೆಥೇನ್ (ರಬ್ಬರಿನಂತೆ ಬಾಗೋ ಪ್ಲಾಸ್ಟಿಕ್) ತಗೊಂಡ್ರೆ ಕಲ್ಲಿಗೆ ತಾಗಿದ್ರೂ ಬಾಗಿ ವಾಪಸ್ ಬರುತ್ತೆ, ಒಡೆಯಲ್ಲ, ಆದ್ರೆ ಪೇಂಟಿಗೆ ಬಾಗೋ ಗುಣ ಕೊಡೋ ಮಿಶ್ರಣ ಸೇರಿಸ್ಬೇಕು, ಇಲ್ಲ ಅಂದ್ರೆ ಸಿಪ್ಪೆ ಎದ್ದ ಹಾಗೆ ಏಳುತ್ತೆ.

ಹಾಕಿದ್ಮೇಲೆ ಹೇಗಿದೆ ಅಂತ ಕೇಳಿದ್ರೆ, ಚೆನ್ನಾಗಿದೆ. ಸ್ಟಿಯರಿಂಗಿನಲ್ಲಿ ಭಾರ ಉಳಿಯುತ್ತೆ, ಅಡ್ಡಗಾಳಿಗೆ ಮೂಗು ಅತ್ತಿತ್ತ ಹೋಗೋದು ಕಮ್ಮಿ ಆಯ್ತು. ರೇಡಿಯೇಟರಿಗೂ ಲಾಭ, ಸ್ಪಾಯ್ಲರ್ ಹಿಂದೆ ಒತ್ತಡ ಕಮ್ಮಿ ಇರೋದ್ರಿಂದ ಎಂಜಿನ್ ಕೋಣೆಯ ಬಿಸಿ ಗಾಳಿ ಕೆಳಗೆ ಸಲೀಸಾಗಿ ಇಳಿಯುತ್ತೆ. ಆದ್ರೆ ಸ್ಪಾಯ್ಲರಿನ ಮೇಲಂಚು ರೇಡಿಯೇಟರಿನ ಕೆಳಗಿನ ಬಾಯಿ ಮುಚ್ಚಿದ್ರೆ ಇದೇ ಉಲ್ಟಾ ಹೊಡೆಯುತ್ತೆ, ಮೊದಲ ಕೆಲವು ಓಟದಲ್ಲಿ ಟೆಂಪರೇಚರ್ ಮುಳ್ಳಿನ ಮೇಲೆ ಒಂದು ಕಣ್ಣು ಇರ್ಲಿ. ಮುಂದಿನ ಬ್ರೇಕಿಗೆ ಹೋಗ್ತಿದ್ದ ಗಾಳಿನೂ ತಪ್ಪುತ್ತೆ, ಇಳಿಜಾರಲ್ಲಿ ಬ್ರೇಕ್ ಬಿಸಿಯಾದ ವಾಸನೆ ಮೊದಲ ತಿಂಗಳಲ್ಲೇ ಬಂತು ನನಗೆ, ಆಮೇಲೆ ಸ್ಪಾಯ್ಲರಲ್ಲಿ ಎರಡು ಬಾಯಿ ಕೊರೆದು ಪೈಪ್ ಎಳೆದು ಬ್ರೇಕ್ ಡಿಸ್ಕಿಗೆ ಗಾಳಿ ಕೊಟ್ಟೆ.

ಇನ್ನೊಂದು ಮುಖ್ಯ ವಿಷಯ, ಮುಂದೆ ಎತ್ತೋದನ್ನ ತಗ್ಗಿಸಿ ಹಿಂದೆ ಹಾಗೇ ಬಿಟ್ರೆ ಕಾರಿನ ತೂಕದ ಲೆಕ್ಕಾಚಾರವೇ ಬದಲಾಗುತ್ತೆ. ಜೋರು ತಿರುವಲ್ಲಿ ಆಕ್ಸಿಲರೇಟರ್ ಬಿಟ್ರೆ ಹಿಂದಿನ ಭಾಗ ಹಗುರಾಗಿ ಹೊರಗೆ ಜಾರೋಕೆ ನೋಡುತ್ತೆ. ಪೋರ್ಷೆಯವರು ಶುರುವಿನ 911ರ ಮೂಗು ಹಗುರ ಅಂತ ಬಂಪರಿನ ಎರಡು ಮೂಲೆಯಲ್ಲಿ 11 ಕೆಜಿಯ ಕಬ್ಬಿಣದ ತುಂಡುಗಳನ್ನೇ ಇಟ್ಟಿದ್ರು, ಅದು ಹಿಂದೆ ಎಂಜಿನ್ ಇಟ್ಟಿದ್ದರ ಫಲ. 1972ರ ಮಾಡೆಲ್ಲಿನ 911 ಎಸ್‌ಗೆ ಮುಂದೆ ಸ್ಪಾಯ್ಲರ್ ಬಂತು, ಅದೇ ವರ್ಷದ ಅಕ್ಟೋಬರಲ್ಲಿ ಪ್ಯಾರಿಸ್ ಶೋಗೆ ತಂದ ಕರೇರಾ ಆರ್‌ಎಸ್‌ಗೆ ಹಿಂದೆ ಬಾತುಕೋಳಿ ಬಾಲ ಅಂತ ಕರೆಯೋ ಸ್ಪಾಯ್ಲರ್ ಸೇರ್ತು. ಮುಂದೆ ಹಿಂದೆ ಎರಡೂ. ಮನೇಲಿ ಫಿಟ್ ಮಾಡೋರಿಗೆ ಧೈರ್ಯ ಬರೋ ಕಥೆ ಒಂದಿದೆ, 1973ರ ಬಿಎಂಡಬ್ಲ್ಯೂ 3.0 ಸಿಎಸ್‌ಎಲ್‌ನ ಹಿಂದಿನ ರೆಕ್ಕೆ ಜರ್ಮನಿಯ ರಸ್ತೆ ನಿಯಮಕ್ಕೆ ಒಪ್ಪದೇ ಇದ್ದಿದ್ದಕ್ಕೆ ಕಂಪನಿಯೋರೇ ಅದನ್ನ ಡಿಕ್ಕಿಯಲ್ಲಿಟ್ಟು ಕಾರು ಕೊಟ್ರು, ಹಾಕ್ಕೊಳ್ಳೋದು ಕೊಂಡವನ ಪಾಡು! ನಿಯಮ ಅಂದ್ನಲ್ಲ, ಮಾರ್ಪಾಡು ಮಾಡೋ ಮುಂಚೆ ನಿಮ್ಮಲ್ಲಿ ಏನು ಕಾಯ್ದೆ ಇದೆ, ಇನ್ಶೂರೆನ್ಸಿನೋರು ಏನಂತಾರೆ ಅಂತ ಒಂದ್ಸಲ ಕೇಳಿಬಿಡಿ.

ಮೊದಲ ನೂರು ಕಿಲೋಮೀಟರ್ ಆದ್ಮೇಲೆ ಎಲ್ಲಾ ನಟ್ಟು ಮತ್ತೆ ಮುಟ್ಟಿ ನೋಡಿ. ಕೆಳ ಅಂಚಿಗೆ ಒಂದು ಪಟ್ಟಿ ಮಾಸ್ಕಿಂಗ್ ಟೇಪ್ ಅಂಟಿಸಿ ಓಡಿಸಿದ್ರೆ ಎಲ್ಲಿ ನೆಲಕ್ಕೆ ಸವರಿದೆ ಅಂತ ಅದೇ ಹೇಳುತ್ತೆ, ನಂದು ಎಡಗಡೆ ಮೂಲೆಯಲ್ಲಿ ಮಾತ್ರ ಹರಿದಿತ್ತು, ನೋಡಿದ್ರೆ ಆ ಕಡೆ ಸ್ಪ್ರಿಂಗ್ ಕೂತು ಹೋಗಿ ಕಾರೇ ಒಂದು ಬೆರಳು ವಾಲಿತ್ತು. ಸ್ಪಾಯ್ಲರ್ ಹಾಕೋಕೆ ಹೋಗಿ ಸ್ಪ್ರಿಂಗ್ ಬದಲಾಯಿಸಿದ್ದಾಯ್ತು, ಹಳೇ ಕಾರು ಅಂದ್ರೆ ಹೀಗೇ.

ಸಂಪಾದಕರೇ, ಬರೆದವರ ಮೇಲೆ ನನಗೆ ಬೇಜಾರಿಲ್ಲ, ಬಹುಶಃ ಜಾಗ ಕಮ್ಮಿ ಇತ್ತೇನೋ. ಆದ್ರೆ ಅದೇ ಪುಟದಲ್ಲಿ ನಾಲ್ಕು ಸಾಲಿನ ತಿದ್ದುಪಡಿ ಹಾಕಿ: ನಡುಗೆರೆ ಛಾಸಿಯಿಂದ ಹಿಡೀಬೇಕು, ಮೊದಲು ಟೇಪಲ್ಲಿ ನಿಲ್ಲಿಸಿ ಒಂದು ದಿನ ನೋಡಬೇಕು, ತೂತಿನ ಅಂಚಿಗೆ ಪ್ರೈಮರ್ ಹಚ್ಚಬೇಕು, ದೊಡ್ಡ ಸ್ಪಾಯ್ಲರಿಗೆ ಬರೀ ಅಂಟು ಸಾಲಲ್ಲ. ಭಾನುವಾರದೊಳಗೆ ಹಾಕಿದ್ರೆ ಒಳ್ಳೇದು, ನಿಮ್ಮ ಬರಹ ಓದಿ ಯಾರಾದ್ರೂ ಡ್ರಿಲ್ ಚಾರ್ಜಿಗೆ ಇಟ್ಟಿರ್ತಾರೆ.

ಇತಿ,
ನಿಮ್ಮ ಹಳೇ ಓದುಗ, ಹಳೇ ಕಾರಿನವನು